ಮೊದಲ ಮಳೆಗಾಲ ದಾಟಿದೆ, ಋಣ ಹೇಳಿಕೊಳ್ಳಬೇಕಿದೆ

ಸೆಪ್ಟೆಂಬರ್ 30ಕ್ಕೆ ಹವಾಮಾನದವರ ಲೆಕ್ಕದ ಮುಂಗಾರು ಮುಗಿಯಿತು. ಮುನ್ಸೂಚನೆ ಬರೆಯುವ ಕುರ್ಚಿಯಲ್ಲಿ ನನ್ನ ಮೊದಲ ಮಳೆಗಾಲವೂ ಮುಗಿಯಿತು. ಮಲ್ಪೆಯ ಮೀನುಗಾರರ ಮನೆಯ ಹುಡುಗಿ ರಾತ್ರಿ ಪಾಳಿಯಲ್ಲಿ ಕೂತು ಕರಾವಳಿಗೆ ಮಳೆಯ ಎಚ್ಚರಿಕೆ ಹಳದಿಯೋ, ಅದಕ್ಕೂ ಜೋರಿನ ಕಿತ್ತಳೆಯೋ, ಎಲ್ಲಕ್ಕಿಂತ ಜೋರಿನ ಕೆಂಪೋ ಎಂದು ಹೇಳುವಂತಾದದ್ದು ಒಬ್ಬಳಿಂದ ಆದ ಕೆಲಸವಲ್ಲ.

ಮೊದಲ ನಮಸ್ಕಾರ ನಮ್ಮ ತರಬೇತುದಾರರಿಗೆ. ಹೆಸರು ಬರೆಯಬೇಡ ಎಂದಿದ್ದಾರೆ. ಸರ್, ನೀವು ಹಳೆಯ ಮಳೆಯನ್ನು ಕಂಪ್ಯೂಟರಿನಲ್ಲಿ ಮತ್ತೆ ಸುರಿಸಿದಿರಿ. ಉಪಗ್ರಹ ಚಿತ್ರ, ಗಾಳಿಯ ನಕ್ಷೆ, ಮಳೆಮಾಪಕದ ಅಂಕಿ, ಎಲ್ಲವೂ ಆವತ್ತು ಬಂದ ಹೊತ್ತಿಗೇ ಪರದೆಗೆ ಬರುತ್ತಿದ್ದವು. ಮುಂದಿನ ಗಂಟೆಯನ್ನು ಇಣುಕಿ ನೋಡಲು ದಾರಿಯಿರಲಿಲ್ಲ. ದಿನಾಂಕವನ್ನೂ ಮುಚ್ಚಿಟ್ಟಿದ್ದಿರಿ. ಮಳೆ 115 ಮಿಲಿಮೀಟರ್ ದಾಟಲಿಕ್ಕಿಲ್ಲ ಎಂದುಕೊಂಡು ಹಳದಿ ಕೊಟ್ಟೆ. ಪರದೆಯಲ್ಲಿ ಬೆಳಗಾಯಿತು, ನೀವು ದಿನಾಂಕ ತೆರೆದಿರಿ: 2020ರ ಸೆಪ್ಟೆಂಬರ್ 20.

ಉಡುಪಿಯ ನೆರೆ. ಕಲ್ಸಂಕದ ಹತ್ತಿರ ನನ್ನ ಚಿಕ್ಕಮ್ಮನ ಮನೆಯೊಳಗೆ ಸೊಂಟದವರೆಗೆ ನೀರು ನಿಂತ ದಿನ. ಅಕ್ಕಿ ಚೀಲವನ್ನು ಅಟ್ಟಕ್ಕೆ ಹೊತ್ತವಳೇ ನಾನು, ಆ ಮಳೆಯನ್ನೇ ಗುರುತಿಸದೆ ಹೋದೆ. ಅತ್ತುಬಿಟ್ಟೆ. ನೀವು ಬೈಯಲಿಲ್ಲ. "ಇಲ್ಲಿ ತಪ್ಪಿದರೆ ಯಾರ ಮನೆಗೂ ನೀರು ನುಗ್ಗುವುದಿಲ್ಲ, ಇನ್ನೊಮ್ಮೆ ನೋಡು" ಎಂದು ಹಿಂದಿನ ಆರು ಗಂಟೆಗಳನ್ನು ಮತ್ತೆ ಓಡಿಸಿದಿರಿ. ಆಗ ತಿಳಿಯಿತು, ಮಳೆಯನ್ನು ಮೊದಲೇ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳಲ್ಲಿ ಒಂದೇ ಮಾದರಿಯ ಒಂದೇ ಅಂಕಿಗೆ ನಾನು ಜೋತುಬಿದ್ದಿದ್ದೆ. ಮಳೆಮಾಪಕಗಳು ಗಂಟೆಗಂಟೆಗೂ ಏರುತ್ತಿದ್ದದ್ದು ಕಣ್ಣಿಗೆ ಬಿದ್ದಿತ್ತು, ಮನಸ್ಸಿಗೆ ಇಳಿದಿರಲಿಲ್ಲ. ಆ ಪಾಠವನ್ನು ಏಳು ಸಲ ಮಾಡಿದೆ. ಏಳು ಸಲವೂ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತಿರಿ.

ಹವಾಮಾನದ ಪಾಠ ಕಲಿಸುವ, ಅಮೆರಿಕದ ಬೋಲ್ಡರ್ ಊರಿನ ಕಾಮೆಟ್ ಕಾರ್ಯಕ್ರಮದವರಿಗೂ ವಂದನೆ. 1989ರಲ್ಲಿ ಶುರುಮಾಡಿ, ಆರಂಭದ ಪಾಠಗಳನ್ನು ಲೇಸರ್ ಡಿಸ್ಕ್‌ನಲ್ಲಿ ಮುನ್ಸೂಚಕರಿಗೆ ಮುಟ್ಟಿಸಿದವರು ಅವರು. ಅವರ ಮೆಟ್‌ಎಡ್ ಎಂಬ ಅಂತರ್ಜಾಲದ ಪಾಠಗಳನ್ನು ನಾನು ಮಲ್ಪೆಯ ಮನೆಯ ಜಗಲಿಯಲ್ಲಿ, ಪೈಸೆ ಖರ್ಚಿಲ್ಲದೆ ಕಲಿತೆ. ಬೆಟ್ಟಕ್ಕೆ ಬಡಿದ ತೇವದ ಗಾಳಿ ಮೇಲೇರಿ ಮಳೆಯಾಗುವ ಚಿತ್ರ ನೋಡುವಾಗ ನನಗೆ ಆಗುಂಬೆಯೇ ಕಾಣುತ್ತಿತ್ತು.

ಇನ್ನು ಕಚೇರಿಯ ನಿರ್ಧಾರ ನೆರವಿನ ಪರದೆ. ಇನ್ಸಾಟ್ ಉಪಗ್ರಹದ ಚಿತ್ರ, ಹಲವು ಮಾದರಿಗಳು, ಗ್ರಾಮ ಪಂಚಾಯಿತಿಗಳಲ್ಲಿ ಕೂತು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುವ ಮಳೆಮಾಪಕಗಳು, ಎಲ್ಲವನ್ನೂ ಒಂದೇ ಕಡೆ ಇಡುತ್ತದೆ. ಜುಲೈ-ಆಗಸ್ಟಿನ ಆಟಿ ತಿಂಗಳ ಒಂದು ರಾತ್ರಿ ಅದು ಕಿತ್ತಳೆ ಸೂಚಿಸಿತು. ಹೆಬ್ರಿ ಕಡೆಯ ಅಂಕಿಗಳು ಏರುತ್ತಿದ್ದ ರೀತಿ ನನಗೆ ಕಲ್ಸಂಕದ ಪಾಠದಂತೆಯೇ ಕಂಡಿತು. ಜೊತೆಗಿದ್ದ ಹಿರಿಯರನ್ನು ಎಬ್ಬಿಸಿದೆ. ಅವರು ಹತ್ತು ನಿಮಿಷ ನೋಡಿ "ನೀನು ಹೇಳಿದ್ದು ಸರಿ" ಎಂದರು, ಕೆಂಪು ಎಚ್ಚರಿಕೆ ಹೊರಟಿತು. ಬೆಳಿಗ್ಗೆ 8.30ರ ಅಳತೆಯಲ್ಲಿ ಎರಡು ಕಡೆ ಮಳೆ ಕೆಂಪಿಗೆ ಸಲ್ಲುವ 204.4 ಮಿಲಿಮೀಟರಿನ ಗೆರೆ ದಾಟಿತ್ತು. ಅಣ್ಣಾ, ನಿದ್ದೆಗೆಟ್ಟದ್ದಕ್ಕೆ ಮುಖ ಗಂಟಿಕ್ಕದೆ ಕಿರಿಯಳ ಮಾತನ್ನು ಕೇಳಿದಿರಿ. ಅದನ್ನು ನಾನು ಮರೆಯುವುದಿಲ್ಲ.

ತಪ್ಪಿದ್ದೂ ಉಂಟು. ಮೀನುಗಾರಿಕೆ ನಿಷೇಧದ 61 ದಿನ ಕಳೆದು ದೋಣಿಗಳು ಇಳಿದ ಮೇಲೆ, ಆಗಸ್ಟಿನ ಒಂದು ದಿನ ನಾವು ಕೊಟ್ಟ ಎಚ್ಚರಿಕೆ ಸುಳ್ಳಾಯಿತು. ಕಡಲು ಸುಮ್ಮನಿತ್ತು, ಬಿಸಿಲು ಬಿತ್ತು, ನಮ್ಮ ಕೇರಿಯ ದೋಣಿಗಳೆಲ್ಲ ದಡದಲ್ಲೇ ಇದ್ದವು. ಸಂಜೆ ಹೆದರಿಕೊಂಡೇ ಅಪ್ಪನಿಗೆ ಫೋನ್ ಮಾಡಿದೆ. "ದಡದಲ್ಲಿದ್ದವನಿಗೆ ನಾಳೆ ಉಂಟು ಮಗಾ" ಎಂದರು. ಒಂದು ದಿನದ ದುಡಿಮೆ ಕಳಕೊಂಡೂ ಸಿಟ್ಟು ಮಾಡದ ಆ ಕೇರಿಯವರಿಗೆ ನಾನು ಕೈಮುಗಿಯುತ್ತೇನೆ. ಆ ದಿನದ ನಕ್ಷೆಗಳನ್ನು ಎತ್ತಿಟ್ಟಿದ್ದೇನೆ, ಅದೂ ಒಂದು ಪಾಠವಾಗಬೇಕು.

ಚಿಕ್ಕಮ್ಮಾ, ನಿಮಗೆ ಕೊನೆಯ ಮಾತು. ಗೋಡೆಯ ಮೇಲಿನ ಆ ನೀರಿನ ಗೆರೆ ಇನ್ನೂ ಇದೆಯಲ್ಲ? ದೀಪಾವಳಿಗೆ ಬಣ್ಣ ಹೊಡೆಸುವ ಮೊದಲು ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಒಂದು ಫೋಟೋ ಕಳಿಸಿ. ಮುಂದಿನ ತಂಡದವರಿಗೆ ದಿನಾಂಕ ತೆರೆಯುವಾಗ ಅದನ್ನೂ ತೋರಿಸಬೇಕು ಎಂದು ಸರ್ ಕೇಳಿದ್ದಾರೆ.