ಭಂಗಿ ಸೊಪ್ಪು ಮದ್ದು ಸೊಪ್ಪಲ್ಲ

ಮಾನ್ಯರೇ,

ಕೊಡಗಿನ ಕಕ್ಕಡ ಹದಿನೆಂಟರ ಹಬ್ಬ ಹತ್ತಿರ ಬಂದಂತೆ, ಆ ದಿನ ತಿನ್ನುವ ಮದ್ದು ಸೊಪ್ಪಿನ ಜೊತೆಗೆ ಭಂಗಿ ಸೊಪ್ಪಿನ, ಅಂದರೆ ಗಾಂಜಾ ಗಿಡದ ಎಲೆಯ, ಕಷಾಯವನ್ನೂ ಮನೆಮದ್ದೆಂದು ಹೊಗಳುವ ವಾಟ್ಸ್‌ಆ್ಯಪ್ ಸಂದೇಶಗಳು ಹರಿದಾಡುತ್ತಿವೆ. ಒಂದಕ್ಕೊಂದು ಸಂಬಂಧವೇ ಇಲ್ಲ. ಮದ್ದು ಸೊಪ್ಪು ನೀರಿನಲ್ಲಿ ಕುದಿದರೆ ಕಡು ನೇರಳೆ ರಸ ಬಿಡುತ್ತದೆ, ಅದರಲ್ಲೇ ಪಾಯಸ ಮಾಡುತ್ತೇವೆ. ಭಂಗಿಯ ಅಮಲಿನ ಅಂಶ ನೀರಿಗಿಳಿಯುವುದು ತೀರಾ ಕಡಿಮೆ; ತುಪ್ಪಕ್ಕೆ, ಹಾಲಿನ ಕೊಬ್ಬಿಗೆ ಚೆನ್ನಾಗಿ ಇಳಿಯುತ್ತದೆ. ಹಸಿ ಎಲೆಯಲ್ಲಿ ಅದು ಬಹುಪಾಲು ಆಮ್ಲ ರೂಪದಲ್ಲಿದ್ದು, ಕಾವು ತಾಗಿದ ಮೇಲೆ ಅಮಲೇರಿಸುವ ಟಿಎಚ್‌ಸಿ ಆಗುತ್ತದೆ. ಹಾಗಾಗಿ ಒಂದು ಮನೆಯಲ್ಲಿ ಏನೂ ಮಾಡದ ಸೊಪ್ಪು ಇನ್ನೊಂದು ಮನೆಯಲ್ಲಿ ಆಳನ್ನೇ ಮಲಗಿಸುತ್ತದೆ. ಹೊಟ್ಟೆಗೆ ಹೋದದ್ದು ಏರಲು ಒಂದೆರಡು ಗಂಟೆ ಬೇಕು. ಅಷ್ಟರಲ್ಲಿ 'ಏನೂ ಆಗಲಿಲ್ಲ' ಎಂದು ಇನ್ನೊಂದು ಲೋಟ ಕುಡಿದವರೇ ಆಸ್ಪತ್ರೆ ಸೇರುವುದು.

ಈ ಗಿಡದಲ್ಲಿ ಗಂಡು, ಹೆಣ್ಣು ಬೇರೆ ಬೇರೆ. ಗಂಡು ಗಾಳಿಗೆ ಪರಾಗ ತೂರಿ ಬೇಗ ಒಣಗುತ್ತದೆ. ಹೆಣ್ಣಿನ ಹೂತೆನೆಯನ್ನು ಲೆನ್ಸಿನಲ್ಲಿ ನೋಡಿದರೆ ಗುಂಡುಸೂಜಿಯ ತಲೆಯಂಥ ಗ್ರಂಥಿಗಳು ಕಾಣುತ್ತವೆ; ಅಮಲಿನ ಅಂಶವಿರುವ ಅಂಟು ಹುಟ್ಟುವುದು ಅಲ್ಲಿ. ಎಲೆಯಲ್ಲಿ ಅದು ಕಡಿಮೆ, ಬೀಜದೊಳಗೆ ಇಲ್ಲವೆನ್ನುವಷ್ಟು. ಮಾದಕವಸ್ತು ನಿಯಂತ್ರಣದ 1985ರ ಎನ್‌ಡಿಪಿಎಸ್ ಕಾಯ್ದೆ ಹೂತೆನೆಯನ್ನು ಗಾಂಜಾ, ಅಂಟನ್ನು ಚರಸ್ ಎಂದು ಕರೆದು, ತೆನೆಯಿಲ್ಲದ ಬಿಡಿ ಎಲೆ, ಬೀಜಗಳನ್ನು ಗಾಂಜಾದಿಂದ ಹೊರಗಿಟ್ಟಿದೆ. ಹಾಗೆಂದು ಹಿತ್ತಿಲಲ್ಲಿ ನೆಡುವಂತಿಲ್ಲ. ಪರವಾನಗಿಯಿಲ್ಲದೆ ಒಂದೇ ಗಿಡ ಬೆಳೆಸಿದರೂ ಅಪರಾಧ.

ಆಯುರ್ವೇದದಲ್ಲಿ ಇದರ ಹೆಸರು ವಿಜಯಾ. ಜೀರ್ಣವಾಗುವ ಮೊದಲೇ ಮೈಯೆಲ್ಲ ವ್ಯಾಪಿಸುವ 'ವ್ಯವಾಯಿ' ದ್ರವ್ಯಕ್ಕೆ ಶಾರ್ಙ್ಗಧರ ಸಂಹಿತೆ ಕೊಡುವ ಉದಾಹರಣೆಯೇ ಭಂಗಿ ಮತ್ತು ಅಫೀಮು. ಗ್ರಹಣಿ ಎಂಬ ಜೀರ್ಣಾಂಗದ ರೋಗಕ್ಕೆ, ಅತಿಸಾರಕ್ಕೆ ಕೊಡುವ ಜಾತಿಫಲಾದಿ ಚೂರ್ಣದಲ್ಲಿ ಇದು ಸೇರುತ್ತದೆ, ಆದರೆ ದೋಷ ಕಳೆಯುವ ಶೋಧನೆಯಾದ ಮೇಲೆ. ಒಂದು ಕ್ರಮದಲ್ಲಿ ಎಲೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಹಸುವಿನ ಹಾಲಿನಲ್ಲಿ ತೂಗುಬಿಟ್ಟು 3 ಗಂಟೆ ಬೇಯಿಸಿ, ತೊಳೆದು, ಒಣಗಿಸಿ, ತುಪ್ಪದಲ್ಲಿ ಹುರಿಯುತ್ತಾರೆ. ಔಷಧ ನಿಯಮಗಳ ಇ(1) ಪಟ್ಟಿಯಲ್ಲಿ, ಅಂದರೆ ವಿಷದ್ರವ್ಯಗಳ ಪಟ್ಟಿಯಲ್ಲಿ, ವಿಜಯಾ ಇದೆ. ವೈದ್ಯರ ನಿಗಾದಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ಡಬ್ಬಿಯ ಮೇಲಿರಬೇಕು. ಗರ್ಭಿಣಿಯರು, ಹೃದ್ರೋಗಿಗಳು, ಮನೋರೋಗದ ಇತಿಹಾಸವಿರುವವರು ಹತ್ತಿರವೂ ಸುಳಿಯಬಾರದು.

ಕಾಫಿ ತೋಟದ ನಡುವೆ ಈ ಗಿಡವನ್ನು ನಾರಿಗಾಗಿ ಬೆಳೆಯಬಹುದೆಂಬ ಇನ್ನೊಂದು ಗಾಳಿಮಾತಿದೆ. ಇದಕ್ಕೆ ತೆರೆದ ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಸಿಲ್ವರ್ ಓಕ್ ನೆರಳು, ಜುಲೈ ಮಳೆ ಎರಡೂ ಆಗಿಬರುವುದಿಲ್ಲ. ದಟ್ಟ ತೆನೆಗೆ ಬೂಸ್ಟು ಹಿಡಿಯುತ್ತದೆ. ಸಾಲದ್ದಕ್ಕೆ, ನಮ್ಮಲ್ಲಿ ಹಗಲು 13 ಗಂಟೆ ದಾಟುವುದಿಲ್ಲ. ದೀರ್ಘ ಹಗಲಿನ ದೇಶಗಳ ನಾರಿನ ತಳಿ ತಂದು ಬಿತ್ತಿದರೆ ಹಗಲು ಸಾಲದೆ ಎತ್ತರಕ್ಕೆ ಬೆಳೆಯುವ ಮೊದಲೇ ಹೂ ಬಿಡುತ್ತದೆ, ನಾರು ಕೈಗೆ ಸಿಗುವುದಿಲ್ಲ.

– ಆಯುರ್ವೇದ ವೈದ್ಯರು, ಮಡಿಕೇರಿ