ಫ್ಲೆಕ್ಸ್ ಮಾಡೋದು ಕಲಿಸಿದ್ದು ಸಾಕು, ಪೋರ್ಟ್‌ಫೋಲಿಯೋ ಕಲಿಸಿ

ಸಂಪಾದಕರಿಗೆ ನಮಸ್ಕಾರ.

ಸಾಗರ, ಸೊರಬದ ಕಡೆ ಚೆನ್ನಾಗಿ ಚಿತ್ರ ಬರೆಯುವ ಹುಡುಗ ಹುಡುಗಿಯರಿಗೇನೂ ಕೊರತೆ ಇಲ್ಲ. ಆದರೆ ಬೆಂಗಳೂರಿನಿಂದ ಯಾರಾದರೂ ‘ನಿಮ್ಮ ಕೆಲಸ ಕಳಿಸಿ’ ಅಂದರೆ ಸಾಕು, ವಾಟ್ಸ್‌ಆ್ಯಪ್‌ನಲ್ಲಿ ರಾಶಿ ಫೋಟೊ ಹೋಗುತ್ತವೆ. ಯಾವುದು ಗೋಡೆ ಮೇಲಿನದು, ಯಾವುದು ಕಾಗದದ್ದು, ಎಷ್ಟು ಅಳತೆಯದು, ಒಂದೂ ತಿಳಿಯುವುದಿಲ್ಲ. ನೋಡುವವರು ನಾಲ್ಕು ಫೋಟೊ ಸರಿಸಿ ಬಿಟ್ಟುಬಿಡುತ್ತಾರೆ. ಅವರನ್ನು ಬೈಯೋಕೂ ಆಗಲ್ಲ. ಒಳ್ಳೆಯ ಕೆಲಸ ಆರಿಸಿ, ವಿವರ ಬರೆದು, ಪುಟಪುಟವಾಗಿ ಜೋಡಿಸಿದ ಒಂದೇ ಫೈಲ್, ಅಂದರೆ ಪೋರ್ಟ್‌ಫೋಲಿಯೋ, ಮಾಡೋದನ್ನು ಈ ಮಕ್ಕಳಿಗೆ ಯಾರೂ ಕಲಿಸಿಲ್ಲ.

ಇಲ್ಲಿನ ಕಂಪ್ಯೂಟರ್ ಸೆಂಟರ್‌ಗಳಲ್ಲಿ ಕೋರೆಲ್‌ಡ್ರಾ ಅನ್ನುವ ವಿನ್ಯಾಸದ ಸಾಫ್ಟ್‌ವೇರ್ ಕಲಿಸುತ್ತಾರೆ, ಸರಿ. ಅದು ವಿಸಿಟಿಂಗ್ ಕಾರ್ಡ್, ಮದುವೆ ಕಾಗದ, ಹುಟ್ಟುಹಬ್ಬದ ಫ್ಲೆಕ್ಸ್‌ಗೇ ಮುಗಿದುಹೋಗುತ್ತದೆ. ಅದೇ ಕೋರೆಲ್‌ಡ್ರಾದಲ್ಲಿ ಒಂದೇ ಫೈಲ್‌ಗೆ ಬೇಕಾದಷ್ಟು ಪುಟ ಸೇರಿಸಬಹುದು, ಮಾಸ್ಟರ್ ಲೇಯರ್‌ನಲ್ಲಿ ಹೆಸರು, ಗೆರೆ ಒಂದು ಸಲ ಇಟ್ಟರೆ ಎಲ್ಲ ಪುಟಕ್ಕೂ ಬರುತ್ತದೆ ಅನ್ನುವುದನ್ನು ಯಾಕೆ ಹೇಳಿಕೊಡುವುದಿಲ್ಲ? ಅಡೋಬಿ ಇಲ್ಲಸ್ಟ್ರೇಟರ್‌ನಲ್ಲೂ 2008ರ ಸಿಎಸ್4 ಆವೃತ್ತಿಯಿಂದಲೇ ಒಂದೇ ಫೈಲ್‌ನಲ್ಲಿ ಹಲವು ಪುಟ, ಅಂದರೆ ಆರ್ಟ್‌ಬೋರ್ಡ್ ಇಡಬಹುದು. ದುಡ್ಡಿನ ಮಾತು ಬಂದರೆ ಇಂಕ್‌ಸ್ಕೇಪ್ ಪುಕ್ಕಟೆ, 2022ರ 1.2 ಆವೃತ್ತಿಯಿಂದ ಅದರಲ್ಲೂ ಹಲವು ಪುಟ ಮಾಡಿ ಒಂದೇ ಪಿಡಿಎಫ್ ತೆಗೆಯಬಹುದು.

ಸಾಫ್ಟ್‌ವೇರ್ ಹೇಗೋ ಬರುತ್ತದೆ, ಪುಟ ಜೋಡಿಸುವುದೇ ಕಷ್ಟ. ನಮ್ಮ ಕಡೆಯ ಗೋಡೆ ಚಿತ್ರ ಹಸೆ ಚಿತ್ತಾರವನ್ನೇ ತೆಗೆದುಕೊಳ್ಳಿ. ಪುಂಡಿ ನಾರಿನ ಕುಂಚದಲ್ಲಿ ಕೆಮ್ಮಣ್ಣಿನ ಮೇಲೆ ಎಳೆದ ಅಕ್ಕಿ ಹಿಟ್ಟಿನ ಬಿಳಿ ಗೆರೆ ಎಷ್ಟು ಸಣ್ಣದು! ಅಂಥ ಒಂಬತ್ತು ಚಿತ್ರವನ್ನು ಒಂದೇ ಪುಟಕ್ಕೆ ತುರುಕಿ, ಸುತ್ತ ಹೂವಿನ ಬಾರ್ಡರ್ ಹಾಕಿ, ಹಿಂದೆ ನೀಲಿ ಗ್ರೇಡಿಯೆಂಟ್ ಬಿಟ್ಟರೆ ಆ ಗೆರೆ ಯಾರಿಗೆ ಕಾಣಬೇಕು? ಒಂದು ಪುಟದಲ್ಲಿ ಇಡೀ ಹಸೆ ಇರಲಿ. ಮುಂದಿನ ಪುಟದಲ್ಲಿ ಅದರ ಒಂದು ಮೂಲೆ ಮಾತ್ರ, ದೊಡ್ಡದಾಗಿ, ನಾರಿನ ಗುರುತು ಕಾಣುವಷ್ಟು. ಕೆಳಗೆ ಅಳತೆ, ಬಣ್ಣ ಯಾವುದರದ್ದು, ಬರೆದ ವರ್ಷ, ಇಷ್ಟೇ. ಸುತ್ತ ಖಾಲಿ ಜಾಗ ಬಿಡಲು ನಮ್ಮವರಿಗೆ ಯಾಕೋ ಹೆದರಿಕೆ, ಖಾಲಿ ಬಿಟ್ಟರೆ ಗಿರಾಕಿ ದುಡ್ಡು ಕೊಡಲ್ಲ ಅನ್ನುವ ಫ್ಲೆಕ್ಸ್ ಅಂಗಡಿಯ ಅಭ್ಯಾಸ ಇರಬೇಕು.

ಪರದೆಯಲ್ಲಿ ನೋಡುವುದಾದ್ದರಿಂದ ಪುಟ ಅಡ್ಡ ಇರಲಿ, 1920ಕ್ಕೆ 1080 ಪಿಕ್ಸೆಲ್ ಸಾಕು, ಬಣ್ಣ ಪರದೆಗೆ ಹೊಂದುವ ಆರ್‌ಜಿಬಿ. ಮೊಬೈಲ್‌ನಲ್ಲಿ ತೆಗೆದ ಫೋಟೊಗಳನ್ನು ಹಾಗೇ ಸುರಿಯದೆ ಮೊದಲೇ ಸಣ್ಣದು ಮಾಡಿಕೊಳ್ಳಬೇಕು, ಇಲ್ಲದಿದ್ದರೆ ನಮ್ಮ ಹಳ್ಳಿಗಳ ನೆಟ್‌ವರ್ಕ್‌ನಲ್ಲಿ ಫೈಲ್ ಹೋಗುವಷ್ಟರಲ್ಲಿ ಕೆಲಸ ಬೇರೆಯವರ ಪಾಲಾಗಿರುತ್ತದೆ.

ಕನ್ನಡದ್ದು ಇನ್ನೊಂದು ತಲೆನೋವು. ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೇ ಫಾಂಟ್‌ನಲ್ಲಿ ಬರೆದರೆ ಪಿಡಿಎಫ್‌ನಲ್ಲಿ ನೋಡೋಕೆ ಚೆಂದ, ಹೆಸರು ಹುಡುಕಿದರೆ ಮಾತ್ರ ಸಿಗುವುದಿಲ್ಲ. ಯೂನಿಕೋಡ್ ಹಾಕಿ ಇಲ್ಲಸ್ಟ್ರೇಟರ್‌ನಲ್ಲಿ ಒತ್ತಕ್ಷರ ಒಡೆದು ಬಂದರೆ ಗಾಬರಿ ಬೇಡ, ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ಸೌತ್ ಏಷ್ಯನ್ ಕಂಪೋಸರ್ ಆರಿಸಿದರೆ ಸರಿಹೋಗುತ್ತದೆ. ಇದು ಐದು ನಿಮಿಷದ ಪಾಠ, ಅಲ್ವಾ?

ಬೇಸಿಗೆ ಶಿಬಿರ ನಡೆಸುವವರು ಇದಕ್ಕೆ ಒಂದು ವಾರ ಎತ್ತಿಡಲಿ. ಜಿಲ್ಲೆಯಲ್ಲಿ ಇಂಥ ತರಬೇತಿ ಎಲ್ಲಾದರೂ ಇದ್ದರೆ ನಿಮ್ಮ ಶಿವಮೊಗ್ಗ ಪುಟದಲ್ಲಿ ಹಾಕಿ, ಮಕ್ಕಳನ್ನು ಕಳಿಸೋಕೆ ನಾವು ತಯಾರಿದ್ದೇವೆ.

– ಒಬ್ಬ ಪೋಷಕ, ಸಾಗರ