ಗಂಟಲು ವಾಪಸ್ ಬಂತು, ಎಲ್ಲರಿಗೂ ಥ್ಯಾಂಕ್ಸ್

ಯುಗಾದಿ ಕಾರ್ಯಕ್ರಮದಲ್ಲಿ ಮತ್ತೆ ಹಾಡಿದೆ. ಹಿಂದಿನ ಸಾಲಿನಲ್ಲಿ ನಿಂತು, ಮೆಲ್ಲಗೆ. ಧ್ವನಿಪೆಟ್ಟಿಗೆಯ ಆಪರೇಷನ್ ಆದಮೇಲೆ ಅಷ್ಟಾದರೂ ಆಗುತ್ತೋ ಇಲ್ವೋ ಅನ್ನೋ ಭಯವಿತ್ತು. ಹಾಗಾಗಿ ಕೆಲವರಿಗೆ ಎಲ್ಲರೆದುರೇ ಥ್ಯಾಂಕ್ಸ್ ಹೇಳಬೇಕು.

ಡಾಕ್ಟರಿಗೆ ಮೊದಲ ನಮಸ್ಕಾರ. ಆಮೇಲೆ ಸ್ಪೀಚ್ ಥೆರಪಿಸ್ಟ್‌ಗೆ. ಲೋಟದ ನೀರಿಗೆ ಸ್ಟ್ರಾ ಹಾಕಿ, ಗುಳ್ಳೆ ಎಬ್ಬಿಸುತ್ತಾ 'ಊ' ಅನ್ನಿಸುತ್ತಿದ್ದರು. ಮಗಳಿಗೆ ನಗುವೋ ನಗು. ಮಾತೇ ಆಡಬಾರದು ಅಂದಿದ್ದ ದಿನಗಳಲ್ಲಿ ಅಮ್ಮ ಹಾಸನದಿಂದ ಫೋನ್ ಮಾಡಿ ಒಬ್ಬಳೇ ಮಾತಾಡುತ್ತಿದ್ದಳು. ಹೌದಾದರೆ ಫೋನಿಗೆ ಒಂದು ಸಲ ಕುಟ್ಟುತ್ತಿದ್ದೆ, ಇಲ್ಲವಾದರೆ ಎರಡು ಸಲ. "ಊಟ ಆಯ್ತೇನೋ?" ಟಕ್. ಹಾಡಿನ ತಂಡದ ಗೆಳೆಯರು ಸಾರು ತಂದುಕೊಟ್ಟರು, ನನ್ನ ಜಾಗಕ್ಕೆ ಬೇರೆಯವರನ್ನು ಹಾಕಿಕೊಳ್ಳಲಿಲ್ಲ. ಹೆಂಡತಿಗೆ ಇಲ್ಲಿ ಬರೆದರೆ ಸಾಲದು, ಅದು ಮನೆಯಲ್ಲೇ ತೀರಿಸಬೇಕಾದ ಲೆಕ್ಕ.

ಇನ್ನು ಪಕ್ಕದ ಮನೆಯ ಅಜ್ಜ. ನ್ಯೂಜೆರ್ಸಿಗೆ ಬರುವ ಮುಂಚೆ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬೆಳೆದವರು. ನಾನು ಸುಮ್ನೆ ಕೂತಿರೋದು ನೋಡಿ ಹಳೇ ರೆಕಾರ್ಡುಗಳ ಡಬ್ಬ ತಂದಿಟ್ಟರು, ಪ್ಲೇಯರ್ ಸಮೇತ. ಅದರಲ್ಲಿ ಸಿಕ್ಕವರು ಹಾರ್ಪ್‌ಟೋನ್ಸ್ ಅನ್ನೋ ಡೂ ವಾಪ್ ಹಾಡುಗಾರರ ತಂಡ.

ಡೂ ವಾಪ್ ಅಂದರೆ ಒಬ್ಬ ಹಾಡು ಹೇಳುತ್ತಿದ್ದರೆ ಉಳಿದವರು ಹಿಂದಿನಿಂದ ಊ, ಆ, ಡೂ ಅಂತ ದನಿ ಕೂಡಿಸೋದು. ಹಾರ್ಪ್‌ಟೋನ್ಸ್ 1953ರಲ್ಲಿ ಮ್ಯಾನ್‌ಹಟನ್‌ನಲ್ಲಿ ಕೂಡಿದ ತಂಡ. ಅಪೋಲೋ ಥಿಯೇಟರಿನ ಹವ್ಯಾಸಿಗಳ ಸ್ಪರ್ಧೆ ಗೆದ್ದು, ಬ್ರೂಸ್ ಅನ್ನೋ ಹೊಸ ಪುಟ್ಟ ರೆಕಾರ್ಡ್ ಕಂಪನಿಗೆ 'ಎ ಸಂಡೇ ಕೈಂಡ್ ಆಫ್ ಲವ್' ಹಾಡಿದರು. ಅದು 1946ರ ಹಾಡು, ಬೇರೆಯವರು ಆಗಲೇ ಹಾಡಿದ್ದರು. ಆದರೂ ನ್ಯೂಯಾರ್ಕಿನ ಹಳೇ ಕೇಳುಗರಿಗೆ ಅದು ಇವರದೇ. ಇಡೀ ದೇಶದ ಟಾಪ್ 100 ಪಟ್ಟಿಗೆ ಮಾತ್ರ ತಂಡದ ಒಂದೇ ಹಾಡು ಹತ್ತಿತು, 1961ರಲ್ಲಿ, ಅದೂ 96ನೇ ಜಾಗಕ್ಕೆ. ಅನ್ಯಾಯ ಅಂತಲೇ ನನ್ನ ಲೆಕ್ಕ.

ಮುಂದೆ ಹಾಡುವವರು ವಿಲ್ಲಿ ವಿನ್‌ಫೀಲ್ಡ್. ಮೆತ್ತನೆಯ ದನಿ, ಆದರೂ ಒಂದಕ್ಷರ ನುಂಗುವುದಿಲ್ಲ. ನನಗೆ ಹಿಡಿಸಿದ್ದು ಅವರ ಹಿಂದಿದ್ದವರು: ನಿಕಿ ಕ್ಲಾರ್ಕ್, ಜೊತೆಗೆ ಡೆಂಪ್ಸಿ, ಬ್ರೌನ್, ಗ್ಯಾಲೋವೇ. ದನಿಗಳನ್ನು ಜೋಡಿಸಿದ್ದು ಪಿಯಾನೋ ನುಡಿಸುತ್ತಿದ್ದ ರಾವುಲ್ ಸೀಟಾ. ನಮ್ಮ ಸಮೂಹಗಾನದಲ್ಲಿ ಎಲ್ಲರೂ ಒಂದೇ ಸ್ವರ ಹಿಡೀತೀವಿ ಅಲ್ವಾ? ಇಲ್ಲಿ ಒಂದೇ 'ಊ' ಒಳಗೆ ಒಬ್ಬೊಬ್ಬರದು ಒಂದೊಂದು ಸ್ವರ. ಮೇಲಿನ ದನಿ ಸುಲಭವಾಗಿ ಕೇಳುತ್ತೆ, ಕೆಳಗಿನದೂ ಕೇಳುತ್ತೆ. ನಡುವಿನದು ಕೈಗೇ ಸಿಗಲ್ಲ. ಅದೊಂದನ್ನೇ ಹುಡುಕಿಕೊಂಡು ಸೂಜಿ ಎತ್ತಿ ಎತ್ತಿ ಇಟ್ಟೆ. ದನಿ ತೆಗೆಯಬಹುದು ಅಂದಮೇಲೆ ಆ ನಡುದನಿಯ ಜೊತೆಗೇ ಸ್ಟ್ರಾ ಊದಿದೆ. ಎತ್ತರಕ್ಕೆ ಹೋಗಬೇಕಿಲ್ಲ, ಜೋರೂ ಬೇಡ, ಆದರೆ ಸ್ವರ ಅಲುಗಾಡುವಂತಿಲ್ಲ. ಥೆರಪಿಸ್ಟ್ ಹೇಳಿದ್ದೂ ಇದನ್ನೇ, ರೆಕಾರ್ಡ್ ಜೊತೆಗಾದರೆ ಬೇಜಾರಾಗುತ್ತಿರಲಿಲ್ಲ.

ಸೀಟಾ 2014ರಲ್ಲಿ ಹೋದರು, ವಿನ್‌ಫೀಲ್ಡ್ 2021ರಲ್ಲಿ. ಅವರ ಪಾಲಿನ ಥ್ಯಾಂಕ್ಸನ್ನೂ ಅಜ್ಜನಿಗೇ ಕೊಡಬೇಕು. ಅವರಿಗೆ ಕನ್ನಡ ಬಾರದು, ಹಾಗಾಗಿ ಭಾನುವಾರ ಹೋಗಿ ಇದನ್ನೆಲ್ಲ ಬಾಯಲ್ಲೇ ಹೇಳಿ ಬರುತ್ತೇನೆ. ಡಬ್ಬ ವಾಪಸ್ ಕೊಡೋ ವಿಷಯ ಅವರಾಗಿ ಎತ್ತದಿದ್ದರೆ ನಾನೂ ಎತ್ತಲ್ಲ.